ಪೂಜೆಗೆ ಕೂತ ಚೆಂಡು

ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿದ್ದ ನಮ್ಮ ಮನೆಯನ್ನು ನೆನೆದಾಗ ನನಗೆ ಮೊದಲು ಕಾಣುವುದು ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ಎಡವಿಸುತ್ತಿದ್ದ ಚಪ್ಪಲಿ, ಬೂಟುಗಳ ರಾಶಿ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅರವತ್ತೆರಡು ಮೆಟ್ಟಿಲು. ಆ ಮೆಟ್ಟಿಲುಗಳ ಮೇಲೆ ಒಂದೇ ಒಂದು ಜೊತೆ ಚಪ್ಪಲಿ ಕೂಡ ಇರಕೂಡದು ಎಂಬುದು ಎದುರು ಮನೆಯ ಫ್ರಾವ್ ರಾಪ್ ಅವರ ಕಟ್ಟಪ್ಪಣೆ. ಬೆಳ್ಳಿ ಕೂದಲಿನ, ಇಸ್ತ್ರಿ ಹಾಕಿದ ಏಪ್ರನ್ನಿನ ಈ ಮಹಿಳೆಗೆ ಆ ಕಟ್ಟಡದಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಆದರೂ ಎಲ್ಲರೂ ಆಕೆಗೆ ಹೆದರುತ್ತಿದ್ದರು. ಆ ಊರಿನಲ್ಲಿ ಮೆಟ್ಟಿಲು ಗುಡಿಸಿ ಒರೆಸುವ ಕೆಲಸ ವಾರಕ್ಕೊಂದು ಮನೆಯ ಪಾಳಿ. ಅದಕ್ಕೆ ಕೇರ್‌ವೋಖೆ ಎನ್ನುತ್ತಾರೆ. ಯಾರ ಪಾಳಿಯೋ ಅವರ ಬಾಗಿಲಿಗೆ ಆ ಹೆಸರು ಕೊರೆದ ಒಂದು ಪುಟ್ಟ ಮರದ ಫಲಕ ನೇತುಬೀಳುತ್ತದೆ. ಭಾನುವಾರ ಸಂಜೆ ಫ್ರಾವ್ ರಾಪ್ ಅದನ್ನು ಒಂದು ಬಾಗಿಲಿಂದ ಬಿಡಿಸಿ ಇನ್ನೊಂದಕ್ಕೆ ತೂಗುಹಾಕುವಾಗ ಮುಖದಲ್ಲಿ ಇರುತ್ತಿದ್ದ ಗಾಂಭೀರ್ಯವನ್ನು ನಾನು ಆಮೇಲೆ ಯಾವ ನ್ಯಾಯಾಧೀಶರ ಮುಖದಲ್ಲೂ ಕಂಡಿಲ್ಲ.

ನನ್ನ ಅವ್ವ ಗೋಕಾಕದವಳು. ದಿನಾ ಬೆಳಗ್ಗೆ ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಹಾಕಿಯೇ ಬೆಳೆದವಳು. ಅವಳಿಗೆ ಈ ಪಾಳಿ ಎಂದರೆ ಶಿಕ್ಷೆಯಲ್ಲ, ಹಬ್ಬ. ನಮ್ಮ ವಾರ ಬಂದರೆ ಮೂರನೇ ಮಹಡಿಯಿಂದ ಕೆಳಗಿನ ಕೆಲ್ಲರ್‌ವರೆಗೆ, ಅಂದರೆ ನೆಲಮಾಳಿಗೆಯವರೆಗೆ, ಥಳಥಳ. ಕೊನೆಗೆ ನಮ್ಮ ಬಾಗಿಲ ಮುಂದೆ ನಾಲ್ಕು ಎಳೆ ರಂಗೋಲಿ. ಹತ್ತು ನಿಮಿಷಕ್ಕೆ ಎದುರು ಬಾಗಿಲು ತೆರೆದು, ಫ್ರಾವ್ ರಾಪ್ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿಬಿಡುತ್ತಿದ್ದರು. ಮರುದಿನ ಅವ್ವ ಮತ್ತೆ ಹಾಕುವಳು, ಅವರು ಮತ್ತೆ ಒರೆಸುವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಹಾಗಾಗಿ ಜಗಳ ಬಹಳ ಸ್ವಚ್ಛವಾಗಿ ನಡೆಯಿತು, ಕಡೆಗೆ ರಂಗೋಲಿ ಹೊಸ್ತಿಲ ಒಳಗೆ ಬಂತು. ನಡುವೆ ಸಿಕ್ಕಿಕೊಂಡವಳು ನಾನು. ಶಾಲೆಯಲ್ಲಿ ಜರ್ಮನ್ ಕಲಿತು, ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜರ್ಮನ್‌ನಲ್ಲೇ ಉತ್ತರ ಕೊಡುತ್ತಿದ್ದ ಹತ್ತು ವರ್ಷದ ಸೊಕ್ಕಿನ ಹುಡುಗಿ. ಹೊಸ್ತಿಲ ಒಳಗಿನದು ಒಳಗೇ ಇರಬೇಕು, ಹೊರಗಿನದು ಹೊರಗೇ ಇರಬೇಕು ಎನ್ನುವುದು ನನ್ನ ಆಗಿನ ಸಿದ್ಧಾಂತ. ಈ ಒಂದು ವಿಷಯದಲ್ಲಿ ಫ್ರಾವ್ ರಾಪ್ ಮತ್ತು ನಾನು ಒಂದೇ ಪಕ್ಷ.

ಆ ಸಿದ್ಧಾಂತವನ್ನು ಮಣ್ಣುಪಾಲು ಮಾಡಿದ್ದು ಒಂದು ಮೊಟ್ಟೆಯಾಕಾರದ ಚೆಂಡು. ಅದನ್ನು ಮನೆಗೆ ತಂದವನು ಟೆರಿ. ಕೆಳಮನೆಯ ಬಾಡಿಗೆದಾರ, ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಅದೇ ವಿಭಾಗದ ಎಂಜಿನಿಯರ್, ಉತ್ತರ ಇಂಗ್ಲೆಂಡಿನ ಯಾವುದೋ ಗಿರಣಿ ಊರಿನವನು. ಬಾಗಿಲಿನಷ್ಟೇ ಅಗಲ, ಎರಡು ಸಲ ಮುರಿದ ಮೂಗು, ಸ್ವಭಾವ ಮಾತ್ರ ಹಸುವಿನದು. ನಾನು ಅವ್ವಾ ಅವ್ವಾ ಎಂದು ಕರೆಯುವುದನ್ನು ಕೇಳಿ ಅದೇ ಅವಳ ಹೆಸರು ಎಂದುಕೊಂಡು ಮೊದಲ ದಿನದಿಂದ ಅವಳನ್ನು ಫ್ರಾವ್ ಅವ್ವ, ಅಂದರೆ ಶ್ರೀಮತಿ ಅವ್ವ, ಎಂದೇ ಕರೆದ. ತಿದ್ದಲು ಹೋದರೆ ಅವ್ವ ಬೇಡ ಎಂದಳು. ಅವನ ಊರಿನಲ್ಲಿ ಆಡುತ್ತಿದ್ದದ್ದು ರಗ್ಬಿ ಲೀಗ್, ಹದಿಮೂರು ಜನರ ಆಟ. ಜರ್ಮನಿಯಲ್ಲಿ ರಗ್ಬಿ ಎಂದರೆ ಹದಿನೈದು ಜನರ ಇನ್ನೊಂದು ಆಟ ಎಂದೇ ತಿಳಿದವರು ಹೆಚ್ಚು. ಹಾಗೆ ಯಾರಾದರೂ ಅಂದರೆ ಆ ಹಸುವಿಗೂ ಕೋಪ ಬರುತ್ತಿತ್ತು. ಒಂದು ಭಾನುವಾರ ಪಾರ್ಕಿನಲ್ಲಿ ಅವನು ಅಪ್ಪನಿಗೆ ನಿಯಮ ಹೇಳಿಕೊಟ್ಟ. ಚೆಂಡು ಹಿಡಿದು ಮುಂದಕ್ಕೆ ಓಡಬೇಕು, ಹಿಂದಕ್ಕೆ ಮಾತ್ರ ಎಸೆಯಬೇಕು, ಎದುರಿನವರ ಗೆರೆಯಾಚೆ ನೆಲಕ್ಕೆ ಒತ್ತಿದರೆ ಅಂಕ. ಎದುರಿನವರು ನಿಮ್ಮನ್ನು ಹಿಡಿದು ಕೆಡವುತ್ತಾರೆ. ಎದ್ದು ಮತ್ತೆ ಆಡಬಹುದು. ಹೀಗೆ ಆರು ಸಲ ಸಿಕ್ಕಿಬಿದ್ದರೆ ಚೆಂಡು ಅವರಿಗೆ. ಗೋಕಾಕದ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಮಣ್ಣು ಹಚ್ಚಿಕೊಂಡು ಬೆಳೆದ, ಕಾಲೇಜಿಗೆ ಕಬಡ್ಡಿ ಆಡಿದ ಅಪ್ಪ ಇದನ್ನು ಕೇಳಿ ಕಣ್ಣರಳಿಸಿದ.

"ಅಂದ್ರ ಕಬಡ್ಡಿಗೆ ಒಂದ ಚೆಂಡು ಕೊಟ್ಟಾರ, ಉಸಿರು ಬಿಡಾಕ ಪರ್ಮಿಷನ್ನೂ ಕೊಟ್ಟಾರ!" ಎಂದ.

ಇಸ್ತ್ರಿ ಪ್ಯಾಂಟು, ಅವ್ವ ಹೆಣೆದ ಸ್ವೆಟರಿನಲ್ಲೇ ಟೆರಿಯ ತೊಡೆ ಹಿಡಿದು ಅವನನ್ನು ಹುಲ್ಲಿಗೆ ಉರುಳಿಸಿದ. ಟೆರಿ ಮಲಗಿದಲ್ಲಿಂದಲೇ ನಗಲು ಶುರುಮಾಡಿದ. ನಮ್ಮ ಕ್ಲಬ್ಬಿನ ಚರಿತ್ರೆಯನ್ನು ಯಾರಾದರೂ ಬರೆದರೆ ಅಲ್ಲಿಂದ ಬರೆಯಬೇಕು.

ಬರೆಯುವವರು ಆಮೇಲೆ ನಮ್ಮ ಅಡುಗೆಮನೆಗೆ ಬರಬೇಕಾಗುತ್ತದೆ, ಯಾಕೆಂದರೆ ಕ್ಲಬ್ ಹುಟ್ಟಿದ್ದು ಅಲ್ಲಿ. ಉದ್ದಕ್ಕೆ ರೈಲುಡಬ್ಬಿಯಂತಿದ್ದ ಅಡುಗೆಮನೆ. ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಬಾಲ್ಕನಿ ಬಾಗಿಲು, ನಡುವೆ ಎಂಟು ಜನ ಒತ್ತಿ ಕೂರಬಹುದಾದ ಮೇಜು. ದೇವರ ಜಗಲಿಯೂ ಅಲ್ಲೇ, ಗೋಡೆಯ ಕಪಾಟಿನಲ್ಲಿ. ಬೆಂಕಿ ಅಲಾರಾಂ ಕೂಗಿಕೊಂಡೀತೆಂದು ಊದಿನಕಡ್ಡಿ ಹಚ್ಚಿದಾಗೆಲ್ಲ ಅಪ್ಪ ಕುರ್ಚಿ ಹತ್ತಿ ಅದರ ಕೆಳಗೆ ಪತ್ರಿಕೆ ಬೀಸುತ್ತ ನಿಲ್ಲಬೇಕಿತ್ತು. ಜರ್ಮನಿಯಲ್ಲಿ ನಾಲ್ಕು ಜನ ಸೇರಿ ಏನು ಮಾಡಬೇಕೆಂದರೂ ಒಂದು ಫೆರಾಯ್ನ್ ಬೇಕು, ಅಂದರೆ ಕೋರ್ಟಿನಲ್ಲಿ ನೋಂದಾಯಿಸಿದ ಸಂಘ. ನೋಂದಾಯಿಸಬೇಕೆಂದರೆ ಏಳು ಸದಸ್ಯರ ಸಹಿ ಬೇಕು. ಆ ದಿನ ಮೇಜಿನ ಸುತ್ತ ಟೆರಿ, ಅಪ್ಪ, ಕಾರ್ಖಾನೆಯ ಮೂವರು, ಮೂಲೆ ಬೇಕರಿಯ ಒಬ್ಬ, ಒಟ್ಟು ಆರು ಜನ ಕೂತಿದ್ದರು. ಏಳನೆಯವನನ್ನು ಹೆಂಡತಿ ಹೊರಗೆ ಬಿಡಲಿಲ್ಲ ಎಂದು ಫೋನು ಬಂತು. ಆರು ಜನ ಮುಖ ಮುಖ ನೋಡಿಕೊಂಡರು. ಆಮೇಲೆ ಆರೂ ಜನ ಒಲೆಯ ಕಡೆ ನೋಡಿದರು. ಅಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ನಾ ಯಾಕ? ನನಗ ಆಟ ಬರೂದಿಲ್ಲ" ಎಂದಳು ಅವ್ವ.

"ಆಡೂದು ಬ್ಯಾಡ, ಸಹಿ ಮಾಡು ಸಾಕು" ಎಂದ ಅಪ್ಪ.

"ಬರೇ ಸಹಿಗೆ ನಾ ಸಹಿ ಮಾಡಾಂಗಿಲ್ಲ. ಏನರ ಕೆಲಸ ಕೊಡ್ತಾರೇನು ಕೇಳ್ರಿ."

ಹಾಗೆ ಅವ್ವ ಕ್ಲಬ್ಬಿನ ಸಾಮಾನುಗಳ ಮೇಲ್ವಿಚಾರಕಿಯಾದಳು. ನಿಯಮಾವಳಿಯನ್ನು ನನ್ನಿಂದ ಓದಿಸಿ, ಸಾಲುಸಾಲಾಗಿ ಕನ್ನಡಕ್ಕೆ ಹೇಳಿಸಿಕೊಂಡು, ಕೊನೆಗೆ ಒಂದು ಸಾಲು ಸೇರಿಸಿದ ಮೇಲೆಯೇ ಬಿಟ್ಟಳು. ಕ್ಲಬ್ಬಿನ ಚೆಂಡು, ಅಂಗಿ, ಯಾವುದೇ ಸಾಮಾನು ಮೇಲ್ವಿಚಾರಕರ ಕೈಯಿಂದಲೇ ಹೊರಡತಕ್ಕದ್ದು ಎಂಬ ಸಾಲು. ಜೋಳದ ಹಿಟ್ಟಿನ ಕೈಯಲ್ಲಿ ಕನ್ನಡದಲ್ಲಿ ಸಹಿ ಮಾಡಿದಳು. ಆರು ಜನರ ಸಹಿಯ ಕೆಳಗೆ ಆ ಏಳನೆಯ ದುಂಡು ಸಹಿ ಈಗಲೂ ಇಲ್ಲಿನ ಕೋರ್ಟಿನ ಕಡತದಲ್ಲಿದೆ. ಆ ದಿನದಿಂದ ಕೆಲ್ಲರ್‌ನ ನಮ್ಮ ಗೂಡಿನಲ್ಲಿ ಜೋಳದ ಹಿಟ್ಟಿನ ಚೀಲ, ಕೆಂಪುಮೆಣಸಿನಕಾಯಿಯ ಡಬ್ಬಿಗಳ ಪಕ್ಕ ಬೇಕರಿಯವನು ಕೊಡಿಸಿದ ಬಿಳಿ ಅಂಗಿಗಳು, ಟೆರಿ ಇಂಗ್ಲೆಂಡಿನಿಂದ ತಂದ ಮೂರು ಚೆಂಡು, ಗಾಳಿ ಹೊಡೆಯುವ ಪಂಪು, ನಾಲ್ಕು ಮೂಲೆಯ ಬಾವುಟ, ಒಂದು ಸೀಟಿ ಸೇರಿಕೊಂಡವು. ಆಟಗಾರರು ಮಸಾಲೆಯ ವಾಸನೆ ಹೊತ್ತು ಓಡುತ್ತಿದ್ದರು. ಅಂಗಿ ಬೇಕೆಂದರೆ ನಮ್ಮ ಮನೆಗೆ ಬಂದು, ಬೂಟು ಬಿಚ್ಚಿ, ಅವ್ವನ ಕೈಯಿಂದ ತೆಗೆದುಕೊಂಡು ಹೋಗಬೇಕು. ಬಂದವರಿಗೆ ತಿನ್ನಲು ಏನಾದರೂ ಕೊಡದೆ ಕಳಿಸುವುದು ಅವ್ವನಿಗೆ ಗೊತ್ತಿಲ್ಲ. ಹೀಗಾಗಿ ಅಭ್ಯಾಸಕ್ಕಿಂತ ಅಂಗಿ ತೆಗೆದುಕೊಳ್ಳುವುದಕ್ಕೇ ಜನ ಹೆಚ್ಚು ಬರತೊಡಗಿದರು. ತಂಡ ಆರರಿಂದ ಹದಿಮೂರಕ್ಕೆ ಏರಿದ್ದು ಶೇಂಗಾ ಹೋಳಿಗೆಯ ಬಲದಿಂದ ಎಂದರೆ ಅಪ್ಪ ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅದು ನಿಜ.

ಎಲ್ಲ ಇತ್ತು, ಮೈದಾನ ಮಾತ್ರ ಗಟ್ಟಿಯಾಗಿರಲಿಲ್ಲ. ಪಾರ್ಕಿನಿಂದ ನಮ್ಮನ್ನು ಎಬ್ಬಿಸಿದ್ದರು. ಹತ್ತಿರದ ಫುಟ್‌ಬಾಲ್ ಕ್ಲಬ್ಬಿನ ಪಕ್ಕದ ಮೈದಾನ ಶನಿವಾರ ಮಧ್ಯಾಹ್ನ ಖಾಲಿ ಇರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಹೆರ್ ಕ್ಲೋಟ್ಸ್ ಎಂಬ ಮುದುಕರು. ಹುಲ್ಲಿನ ಒಂದೊಂದು ಎಳೆಯೂ ತಮ್ಮ ಮೊಮ್ಮಗು ಎಂಬಂತೆ ಕಾಯುವವರು, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡದವರು. ಬೇಸಿಗೆಯಲ್ಲಿ ಟೆರಿ, ಅಪ್ಪ ಹೋಗಿ ಬೇಡಿದಾಗ ಅವರು ಹೇಳಿದ್ದು ಇಷ್ಟೇ:

"ಅಕ್ಟೋಬರ್ ಮುಗಿಯುವುದರೊಳಗೆ ಒಂದು ನಿಜವಾದ ಪಂದ್ಯ ಆಡಿ ತೋರಿಸಿ. ಇಲ್ಲದಿದ್ದರೆ ಶನಿವಾರ ಬೇರೆಯವರಿಗೆ."

ಎರಡು ತಂಡಗಳು ಬರುತ್ತೇವೆ ಎಂದು ಕೈಕೊಟ್ಟವು. ಮೂರನೆಯದು, ಮ್ಯಾನ್‌ಹೈಮ್ ಕಡೆಯದು, ಒಪ್ಪಿತು. ಅವರಿಗೆ ಬಿಡುವಿದ್ದದ್ದು ಅಕ್ಟೋಬರಿನಲ್ಲಿ ಒಂದೇ ಶನಿವಾರ. ಅದು ತಪ್ಪಿದರೆ ಮೈದಾನವಿಲ್ಲ, ಮೈದಾನವಿಲ್ಲದಿದ್ದರೆ ಕ್ಲಬ್ ಕೋರ್ಟಿನ ಕಡತದಲ್ಲಿ ಮಾತ್ರ. ಅಪ್ಪ ಆ ದಿನಗಳಲ್ಲಿ ಊಟ ಮಾಡುವಾಗಲೂ ಮೇಜಿನ ಮೇಲೆ ಹದಿಮೂರು ಶೇಂಗಾಬೀಜ ಜೋಡಿಸಿ ಸರಿಸಾಡುತ್ತಿದ್ದ. ಅಷ್ಟು ಖುಷಿಯಲ್ಲಿ, ಅಷ್ಟು ಹೆದರಿಕೆಯಲ್ಲಿ ಅವನನ್ನು ನಾನು ಮೊದಲು ಕಂಡಿರಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಹಬ್ಬಗಳು ಪಂಚಾಂಗದ ಪ್ರಕಾರ ಬರುತ್ತಿರಲಿಲ್ಲ, ಅಪ್ಪನ ರಜೆಯ ಪ್ರಕಾರ ಬರುತ್ತಿದ್ದವು. ಬುಧವಾರ ಹುಟ್ಟಿದ ಗಣಪ ನಮ್ಮ ಮನೆಗೆ ಬರುವುದು ಶನಿವಾರ. ಯುಗಾದಿಯೂ ಶನಿವಾರ, ನಾಗಪಂಚಮಿಯೂ ಶನಿವಾರ. ಊರಿನಿಂದ ತಂದ ದೊಡ್ಡ ಕ್ಯಾಲೆಂಡರು ಜಗಲಿಯ ಪಕ್ಕ ನೇತಾಡುತ್ತಿತ್ತು ನಿಜ, ಆದರೆ ಅವ್ವ ಅದನ್ನು ನೋಡಿ, ನಿಟ್ಟುಸಿರು ಬಿಟ್ಟು, ಮುಂದಿನ ಶನಿವಾರಕ್ಕೆ ಕಡಲೆಬೇಳೆ ನೆನೆಹಾಕುತ್ತಿದ್ದಳು. ಆ ವರ್ಷ ಖಂಡೇನವಮಿ, ಅಂದರೆ ಆಯುಧಪೂಜೆ, ಶುಕ್ರವಾರ, ದಸರಾ ಶನಿವಾರ. ಶುಕ್ರವಾರ ಅಪ್ಪನಿಗೆ ಕಾರ್ಖಾನೆ ಇದ್ದದ್ದರಿಂದ ಅವ್ವ ಎಂದಿನಂತೆ ನವಮಿಯನ್ನು ಶನಿವಾರಕ್ಕೆ, ದಸರೆಯನ್ನು ಭಾನುವಾರಕ್ಕೆ ಎಳೆದಳು. ಅಪ್ಪ ಮಾತ್ರ ಆ ಒಂದು ಸಲ ಗೋಡೆಯ ಕ್ಯಾಲೆಂಡರನ್ನೇ ನೋಡಿದ್ದ. ಸಿಕ್ಕ ಒಂದೇ ಶನಿವಾರ ಸರಿಯಾಗಿ ದಸರೆಯ ದಿನವೇ ಬಿದ್ದಿದೆ ಎಂದು ಕುಣಿದಾಡಿ, ದಸರಾ ದಿನ ಪಂದ್ಯ ಎಂದಷ್ಟೇ ಅವ್ವನಿಗೆ ಹೇಳಿದ್ದ. ಅವ್ವ ಭಾನುವಾರ ಎಂದುಕೊಂಡಳು, ನಾನೂ ಹಾಗೇ. ತನ್ನ ಮನೆಯ ಹಬ್ಬ ಯಾವತ್ತೂ ತನ್ನ ದಿನಕ್ಕೆ ಬರುವುದಿಲ್ಲ ಎಂಬುದನ್ನೇ ಅಪ್ಪ ಮರೆತಿದ್ದ.

ಶನಿವಾರ ಬೆಳಗ್ಗೆ ನಾನು ಏಳುವ ಹೊತ್ತಿಗೆ ಅಪ್ಪ ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಹೋಗಿಯಾಗಿತ್ತು. ಅವ್ವ ಮಿಂದು, ಇಲಕಲ್ ಸೀರೆ ಉಟ್ಟು ಖಂಡೇಪೂಜೆಗೆ ಅಣಿಯಾಗಿದ್ದಳು. ದುಡಿಯುವ ಸಾಮಾನುಗಳಿಗೆಲ್ಲ ಅವತ್ತು ಪೂಜೆ. ಈಳಿಗೆಮಣೆ, ಚಾಕು, ಅಪ್ಪನ ಸ್ಪ್ಯಾನರು, ನನ್ನ ಕಂಪಾಸ್ ಪೆಟ್ಟಿಗೆ, ಮಿಕ್ಸರು. ಮೊದಲ ಪಂದ್ಯದ ಮುಂಚೆ ಕ್ಲಬ್ಬಿನ ಸಾಮಾನು ಬಿಟ್ಟರೆ ಹೇಗೆ? ಕೆಲ್ಲರ್‌ನಿಂದ ಎಲ್ಲವನ್ನೂ ನಾವಿಬ್ಬರೂ ಹೊತ್ತು ತಂದೆವು. ಮೇಜಿನ ಮೇಲೆ ಕೆಂಪು ಶಾಲು ಹಾಸಿ, ಮೂರು ಚೆಂಡುಗಳನ್ನು ಅಕ್ಕಿಯ ಮೇಲೆ ಕೂರಿಸಿ, ಅರಿಶಿನದ ಮುದ್ದೆಯನ್ನು ಎರಡೂ ತುದಿಗೆ ಹಚ್ಚಿ, ನಡುವೆ ಕುಂಕುಮ. ಪಂಪಿಗೂ ಸೀಟಿಗೂ ಒಂದೊಂದು ಬೊಟ್ಟು. ಚೆಂಡುಗಳ ಮೇಲೂ ಮಡಿಸಿದ ಅಂಗಿಗಳ ಮೇಲೂ ಸೇವಂತಿಗೆ. ಆರತಿಯಾಯಿತು, ನೈವೇದ್ಯವಾಯಿತು, ನಾನು ಕುರ್ಚಿ ಹತ್ತಿ ಅಲಾರಾಂ ಕೆಳಗೆ ಪತ್ರಿಕೆ ಬೀಸಿದೆ. ಪೂಜೆಗೆ ಕೂತ ಸಾಮಾನನ್ನು ಮರುದಿನ ದಸರೆಯ ಪೂಜೆ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಅವತ್ತು ಅದಕ್ಕೆ ವಿಶ್ರಾಂತಿ. ಹಾಗಾಗಿ ನಮ್ಮ ಮನೆಯಲ್ಲಿ ನವಮಿಯ ದಿನ ಹಸಿಮೆಣಸಿನಕಾಯಿ ಕೂಡ ಕೈಯಲ್ಲೇ ಮುರಿಯುವುದು.

ಹನ್ನೊಂದು ಗಂಟೆಗೆ ಅಪ್ಪ ಏದುಸಿರು ಬಿಡುತ್ತ ಬಂದ, ಮೊಣಕಾಲತನಕ ಸುಣ್ಣ.

"ಚೆಂಡು ಕೊಡ, ಲಗೂ. ಎರಡಕ್ಕ ಮ್ಯಾಚ್" ಎಂದ. ಆಮೇಲೆ ಮೇಜು ಕಂಡ. ಬಾಯಿ ಬಿಟ್ಟದ್ದು ಹಾಗೇ ಉಳಿಯಿತು.

"ಮ್ಯಾಚ್ ನಾಳೆ ಅಲ್ಲೇನ್ರಿ?"

"ನಾಳೆ ಯಾಕ? ದಸರಾ ಇವತ್ತ!"

"ನಮ್ಮ ಮನ್ಯಾಗ ದಸರಾ ಯಾವಾಗ ತನ್ನ ದಿನಾ ಬಂದೈತಿ?"

ಇಬ್ಬರೂ ಗೋಡೆಯ ಕ್ಯಾಲೆಂಡರು ನೋಡಿದರು, ಚೆಂಡು ನೋಡಿದರು, ಮತ್ತೆ ಕ್ಯಾಲೆಂಡರು ನೋಡಿದರು. ಮ್ಯಾನ್‌ಹೈಮಿನವರು ವ್ಯಾನಿನಲ್ಲಿ ಆಗಲೇ ಅರ್ಧ ದಾರಿ ಬಂದಿದ್ದರು. ಚೆಂಡು ಆತಿಥೇಯರದು ಎಂಬ ಕರಾರಿನಿಂದ ಅವರು ಒಂದನ್ನೂ ತಂದಿರಲಿಲ್ಲ. ಇಂಥ ಚೆಂಡು ಸ್ಟುಟ್‌ಗಾರ್ಟಿನ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಅಪ್ಪ ಮೊದಲು ಬೇಡಿಕೊಂಡ, ಆಮೇಲೆ ರೇಗಿದ, ಆಮೇಲೆ ಮತ್ತೆ ಬೇಡಿಕೊಂಡ. ಒಂದೇ ಒಂದು ಚೆಂಡು ಎಂದ. ಅವ್ವ ಮೇಜಿನ ಮುಂದೆ ಅಡ್ಡ ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಗಟ್ಟಿ.

"ಇಲ್ಲಿಗೆ ಬಂದ ಮ್ಯಾಲೆ ಹಬ್ಬದ ದಿನಾ ಬದ್ಲಿ ಮಾಡೀನಿ. ಬಾಳಿ ಎಲಿ ಬಿಟ್ಟೀನಿ. ರಂಗೋಲಿ ಬಾಗಲದ ಹೊರಗಿಂದು ಒಳಗ ತಂದೀನಿ. ಒಂದೊಂದ ಬಿಟ್ಟಕೋತ ಬಂದ್ರ ಕಡೀಕ ನನ್ನ ಕೈಯಾಗ ಏನ ಉಳಿತೈತ್ರಿ?"

ಬೂಟು ಬಿಚ್ಚುತ್ತ ಹೊಸ್ತಿಲಲ್ಲಿ ಟೆರಿ ನಿಂತಿದ್ದ, ಯಾವಾಗ ಬಂದನೋ. ಏನಾಗಿದೆ ಎಂದು ನನ್ನನ್ನು ಕೇಳಿದ. ನಾನು ಜರ್ಮನ್‌ನಲ್ಲಿ ಎಲ್ಲ ಹೇಳಿದೆ, ನಾಚಿಕೆಯಿಂದ, ಆದಷ್ಟು ಬೇಗ. ಅವನು ನಗುತ್ತಾನೆ ಎಂದುಕೊಂಡಿದ್ದೆ. ಅವನು ಮೇಜಿನ ತನಕ ಬಂದು, ಕೈ ಹಿಂದೆ ಕಟ್ಟಿಕೊಂಡು, ಹೂ ಮುಡಿದ ತನ್ನ ಚೆಂಡುಗಳನ್ನು ಬಹಳ ಹೊತ್ತು ನೋಡಿದ.

"ಇಷ್ಟು ವರ್ಷ ಈ ಆಟ ಆಡಿದ್ದೇನೆ. ಒಂದು ಚೆಂಡಿಗೂ ನಾನು ಒಂದು ಹೂ ಇಟ್ಟಿಲ್ಲ" ಎಂದ. ಆಮೇಲೆ ಅಪ್ಪನ ಕಡೆ ತಿರುಗಿದ. "ಸಾಮಾನು ಅವರ ಕೈಯಿಂದ ಹೊರಡಬೇಕು ಎಂದು ನಾವೇ ಬರೆದಿದ್ದೇವೆ. ಫ್ರಾವ್ ಅವ್ವ ಇಲ್ಲ ಅಂದರೆ ಇಲ್ಲ. ಏಳನೆಯವರು ಅವರು. ಅವರಿಲ್ಲದೆ ಕ್ಲಬ್ಬೇ ಇರುತ್ತಿರಲಿಲ್ಲ. ನಾನು ಹೋಗಿ ಹೆರ್ ಕ್ಲೋಟ್ಸ್‌ಗೆ ಹೇಳಿ ಬರುತ್ತೇನೆ."

"ಏನಂದ ಆಂವ?" ಅವ್ವ ಕೇಳಿದಳು.

ನಾನು ಹೇಳಿದೆ. ಕನ್ನಡದಲ್ಲಿ ಹೇಳಿದೆ. ಆ ಮಾತನ್ನು ಬೇರೆ ಭಾಷೆಯಲ್ಲಿ ಹೇಳಲು ನನಗೆ ಆಗಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಟೆರಿ ಬಾಗಿಲತನಕ ಹೋಗಿದ್ದ. ಅವನ ಆ ದೊಡ್ಡ ಬೆನ್ನು ನೋಡಿ ನನಗೆ ಅಳು ಬರುವಂತಾಯಿತು. ಎಲ್ಲಿ ನೋಡುವುದೋ ತಿಳಿಯದೆ ಗೋಡೆ ನೋಡಿದೆ. ಅಲ್ಲಿ ಕ್ಯಾಲೆಂಡರಿನ ಶನಿವಾರದ ಮನೆಯಲ್ಲಿ ಕೆಂಪು ಅಕ್ಷರ. ರಜೆಯಲ್ಲಿ ಅವ್ವ ಹೊಡೆದು ಬಡಿದು ಕಲಿಸಿದ್ದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಗಟ್ಟಿಯಾಗಿ ಓದಿದೆ.

"ವಿ… ಜ… ಯ… ದ… ಶ… ಮಿ. ಅವ್ವಾ, ಊರಾಗ ದಸರಾ ಇವತ್ತ ಐತಿ. ಇವತ್ತನ ಪೂಜಿ ಮುಗಸಿದ್ರ ನಮ್ಮ ದಸರಾನೂ ಖರೇ ದಿನಾನ ಆಗ್ತೈತಲ್ಲ?"

ಅವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ನನ್ನ ಹತ್ತಿರ ಇದೆ. ಓದಿದ್ದಕ್ಕೋ, ಓದಿದ್ದರ ಅರ್ಥಕ್ಕೋ, ನಾನು ಕೇಳಿಲ್ಲ. ಜರ್ಮನಿಗೆ ಬಂದ ಮೇಲೆ ಒಂದು ಹಬ್ಬವೂ ತನ್ನ ದಿನ ಬಂದಿರಲಿಲ್ಲ, ಇದೊಂದು ತಾನಾಗಿ ಬಂದು ಬಾಗಿಲಲ್ಲಿ ನಿಂತಿತ್ತು.

"ನವಮಿ ಒಂದ ದಿನಾ ತಡಾ ಆತು, ದಸರಾ ಹೊತ್ತಿಗೆ ಸರಿ ಆತು" ಎಂದಳು. "ಆದ್ರ ಸುಮ್ಮನ ಎತ್ತಾಂಗಿಲ್ಲ. ಮಂಗಳಾರತಿ ಆಗಬೇಕು. ಈ ಸಾಮಾನು ಹಿಡಿಯೋರೆಲ್ಲಾ ಬಂದು ಕೈ ಮುಗೀಬೇಕು. ಎದುರಿನವ್ರೂ ಇದ ಚೆಂಡು ಹಿಡಿಯವ್ರಲ್ಲ? ಅವ್ರನ್ನೂ ಕರೀರಿ."

ಟೆರಿಗೆ ಹೇಳಿದೆ. ಅವನು ಅರವತ್ತೆರಡು ಮೆಟ್ಟಿಲನ್ನು ಬರಿಗಾಲಲ್ಲಿ ಇಳಿದು ಓಡಿದ.

ಒಂದು ಗಂಟೆಗೆ ಬಂದರು ನೋಡಿ. ನಮ್ಮ ಹದಿಮೂರು ಜನ, ವ್ಯಾನಿನಿಂದ ಇಳಿದ ಹದಿಮೂರು ಜನ, ರೆಫರಿ ಎಂದು ಒಪ್ಪಿಕೊಂಡಿದ್ದ ಒಬ್ಬ ಮೇಷ್ಟ್ರು. ಬೂಟುಗಳು ಮನೆಯೊಳಗೆ ಹಿಡಿಯಲಿಲ್ಲ. ಮೆಟ್ಟಿಲಿಗೆ ಒಂದು ಜೊತೆಯಂತೆ ಮೂರನೇ ಮಹಡಿಯಿಂದ ಎರಡನೆಯದನ್ನು ದಾಟಿ ಇನ್ನೂ ಕೆಳಗೆ ಸಾಲು ಹೋಯಿತು, ಮೊಳೆಮೊಳೆಯ ತಳದ ಬೂಟುಗಳು, ಅಭ್ಯಾಸ ಮಾಡಿ ಬಂದವರ ಹಸಿ ಮಣ್ಣು ಸಮೇತ. ಅಡುಗೆಮನೆಯಲ್ಲಿ ಎಂಟು ಜನ, ನಡುಮನೆಯಲ್ಲಿ ಹತ್ತು, ನನ್ನ ಹಾಸಿಗೆಯ ಮೇಲೆ ಮೂವರು, ಉಳಿದವರು ಬಾಗಿಲಲ್ಲಿ ಕತ್ತು ಚಾಚಿಕೊಂಡು. ಅವ್ವ ಗಂಟೆ ಬಾರಿಸಿದಳು, ಹಾಡಿದಳು, ಆರತಿ ಎತ್ತಿದಳು. ಟೆರಿ ಮೊದಲು ಕೈ ಮುಗಿದ, ಅವನನ್ನು ನೋಡಿ ಉಳಿದ ಇಪ್ಪತ್ತಾರು ಜೋಡಿ ಕೈ ಮುಗಿದವು. ಯಾರೂ ಪತ್ರಿಕೆ ಬೀಸುವುದು ನೆನಪಿಟ್ಟುಕೊಂಡಿರಲಿಲ್ಲ. ಸರಿಯಾಗಿ ಮಂಗಳ ಹಾಡುವಾಗ ಅಲಾರಾಂ ಕಿರುಚಿತು. ಮ್ಯಾನ್‌ಹೈಮಿನವರು ಅದೂ ಪೂಜೆಯ ಭಾಗ ಎಂದುಕೊಂಡು ಇನ್ನಷ್ಟು ತಲೆ ಬಾಗಿಸಿದರು.

ಎದುರು ಬಾಗಿಲು ತೆರೆಯಿತು. ಫ್ರಾವ್ ರಾಪ್ ಹೊರಬಂದು ಬೂಟುಗಳ ಸಾಲನ್ನು ಮೇಲಿಂದ ಕೆಳಗೆ ನೋಡಿದರು. ಆ ವಾರ ಗುಡಿಸುವ ಪಾಳಿ ಅವರದೇ. ಬೆಳಗ್ಗೆಯಷ್ಟೇ ಮೆಟ್ಟಿಲು ಒರೆಸಿದ್ದರು. ಅವ್ವ ಆರತಿ ತಟ್ಟೆ ಹಿಡಿದು, ಗಂಡಸರನ್ನು ಸರಿಸಿಕೊಂಡು, ನೇರ ಅವರ ಮುಂದೆ ಹೋಗಿ ನಿಂತಳು. ಫ್ರಾವ್ ರಾಪ್ ತಟ್ಟೆ ನೋಡಿದರು, ಅವ್ವನ ಸೀರೆ ನೋಡಿದರು, ನಮ್ಮ ಮನೆಯೊಳಗಿನ ದೈತ್ಯರ ಬರಿಗಾಲುಗಳನ್ನು ನೋಡಿದರು. ತಮ್ಮ ಬಾಗಿಲಿನ ಮೊಳೆಯಿಂದ ಕೇರ್‌ವೋಖೆಯ ಫಲಕ ಬಿಡಿಸಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು.

"ಈ ವಾರ ಇನ್ನ ನಮ್ಮದ ಆತು ಅಂತ ತಿಳಿ" ಎಂದ ಅಪ್ಪ ನನ್ನ ಕಿವಿಯಲ್ಲಿ.

ಎರಡು ಗಂಟೆಗೆ ಅವ್ವ ತನ್ನ ಕೈಯಾರೆ ಚೆಂಡನ್ನು ಟೆರಿಯ ಕೈಗೆ ಕೊಟ್ಟಳು, ಪಂದ್ಯ ಶುರುವಾಯಿತು. ಮೈದಾನದ ಅಂಚಿನ ಲಿಂಡೆನ್ ಮರಗಳ ಕೆಳಗೆ ಹೆರ್ ಕ್ಲೋಟ್ಸ್ ಕೈಕಟ್ಟಿ ನಿಂತಿದ್ದರು. ನಾವು ಗೆದ್ದೆವು ಎಂದು ಬರೆಯಲು ಕೈ ಬರುತ್ತದೆ, ಆದರೆ ನಾವು ಹೀನಾಯವಾಗಿ ಸೋತೆವು. ಮ್ಯಾನ್‌ಹೈಮಿನವರು ಆಟ ಬಲ್ಲವರು, ನಮ್ಮವರು ಹೋಳಿಗೆ ಬಲ್ಲವರು. ಮೊದಲರ್ಧ ಮುಗಿದಾಗ ಅವ್ವ ಎರಡೂ ತಂಡಕ್ಕೆ ಗೋಕಾಕದ ಕರದಂಟು ಹಂಚಿದಳು. ಅಂಟು, ಬೆಲ್ಲ, ಕೊಬ್ಬರಿಯ ಆ ಗಟ್ಟಿ ಉಂಡಿ ಮೊದಲ ಸಲ ತಿಂದವರ ದವಡೆ ಅಷ್ಟು ಸುಲಭಕ್ಕೆ ಬಿಡಿಸಿಕೊಳ್ಳುವುದಿಲ್ಲ. ರೆಫರಿ ಮೇಷ್ಟ್ರಿಗೆ ಸೀಟಿ ಊದಲು ಬಾಯಿ ಖಾಲಿಯಾಗುವವರೆಗೆ ಎಲ್ಲರೂ ಕಾದರು. ಕೊನೆಗೆ, ಎಲ್ಲ ಮುಗಿಯುವ ಹೊತ್ತಿಗೆ, ಯಾರದೋ ಕೈ ಜಾರಿದ ಚೆಂಡು ಅಪ್ಪನ ಎದೆಗೆ ಬಂದು ಬಿತ್ತು. ಅಪ್ಪ ಓಡಿದ. ಒಬ್ಬ ತೊಡೆ ಹಿಡಿದ, ತಾಲೀಮಿನ ಕಾಲು ಬಿಡಿಸಿಕೊಂಡಿತು. ಇನ್ನೊಬ್ಬ ಅಂಗಿ ಹಿಡಿದ, ಅವನನ್ನೂ ಎಳೆದುಕೊಂಡೇ ಗೆರೆಯಾಚೆ ಬಿದ್ದು ಚೆಂಡನ್ನು ನೆಲಕ್ಕೆ ಒತ್ತಿದ. ದಸರೆಯ ದಿನ ಊರವರೆಲ್ಲ ಊರ ಗಡಿ ದಾಟಿ ಹೋಗಿ ಬನ್ನಿ ತರುವುದು ನಮ್ಮ ಕಡೆಯ ಪದ್ಧತಿ. ಅವ್ವನಿಗೆ ಆಟದ ಒಂದು ನಿಯಮವೂ ಗೊತ್ತಿರಲಿಲ್ಲ, ಗೆರೆ ದಾಟಿದ್ದು ಮಾತ್ರ ಗೊತ್ತಾಯಿತು.

"ಸೀಮಿ ದಾಟಿದ್ರು! ನಿಮ್ಮಪ್ಪ ಸೀಮಿ ದಾಟಿದ್ರು ನೋಡಲೇ!" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಳು. ನಾನೂ ಕೂಗಿದೆ. ಯಾವ ಭಾಷೆಯಲ್ಲಿ ಎಂದು ನೋಡಿಕೊಳ್ಳಲಿಲ್ಲ.

ಆಟದ ನಡುವೆ ಬಿದ್ದ ಹನಿಮಳೆಗೆ ಚೆಂಡಿನ ಅರಿಶಿನ ಕರಗಿ, ಅದನ್ನು ಎದೆಗೆ ಅವುಚಿಕೊಂಡವರ ಬಿಳಿ ಅಂಗಿಗಳಿಗೆಲ್ಲ ಇಳಿದಿತ್ತು. ಆಮೇಲೆ ಅವ್ವ ಮೂರು ಸಲ ಒಗೆದಳು. ಸೋಪು ತಾಗಿದಲ್ಲಿ ಅಂಚು ಕೆಂಪಾಯಿತೇ ಹೊರತು ಹಳದಿ ಹೋಗಲಿಲ್ಲ. ಮುಂದಿನ ವರ್ಷ ಹೊಸ ಅಂಗಿ ಹೊಲಿಸುವಾಗ ಟೆರಿ, ಎದೆಯ ಮೇಲೆ ಕೆಂಪು ಅಂಚಿನ ಹಳದಿ ದುಂಡು ಕಲೆ ಇರಲೇಬೇಕು ಎಂದು ಹಟ ಹಿಡಿದ. ಅದೇ ಇವತ್ತಿಗೂ ಕ್ಲಬ್ಬಿನ ಬಣ್ಣ. ಅದನ್ನು ಹಾಕಿಕೊಂಡು ನಾನೂ ಹನ್ನೊಂದು ವರ್ಷ ಆಡಿದೆ, ಒಂದು ಹಲ್ಲು ಕಳೆದುಕೊಂಡೆ. ಹೊಸಬರು ಅದನ್ನು ಸೂರ್ಯ ಎನ್ನುತ್ತಾರೆ. ನಾನು ತಿದ್ದುವುದಿಲ್ಲ.

ಪಂದ್ಯ ಮುಗಿದು ಎಲ್ಲರೂ ಸುಸ್ತಾಗಿ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಹೆರ್ ಕ್ಲೋಟ್ಸ್ ಮೈದಾನದೊಳಗೆ ಬಂದು, ಕಿತ್ತುಬಂದ ಹುಲ್ಲನ್ನು ಬೂಟಿನ ತುದಿಯಿಂದ ಮೆತ್ತಗೆ ಒತ್ತಿ ಕೂರಿಸುತ್ತಿದ್ದರು. ಟೆರಿ, ಅಪ್ಪ ಎದ್ದು ನಿಂತರು. ಅಷ್ಟರಲ್ಲಿ ಅವ್ವ ಲಿಂಡೆನ್ ಮರದ ಕೆಳಗೆ ಬಗ್ಗಿ, ಉದುರಿದ ಹಳದಿ ಎಲೆಗಳನ್ನು ಮಡಿಲ ತುಂಬ ಆಯ್ದುಕೊಂಡಳು. ಬನ್ನಿ ಇಲ್ಲದ ಊರಿನಲ್ಲಿ ಪ್ರತಿ ವರ್ಷ ಅವಳ ಬನ್ನಿ ಅದೇ. ಬನ್ನಿಯ ಎಲೆ ಬಂಗಾರ ಎಂದು ಹೇಳಿ ಒಬ್ಬರಿಗೊಬ್ಬರು ಕೊಡುವುದು ಅವತ್ತಿನ ಕ್ರಮ. ಊರ ಬನ್ನಿ ಹಸಿರು, ಈ ಎಲೆ ಮಾತ್ರ ನೋಡಲೂ ಬಂಗಾರದ ಹಾಗೇ ಇತ್ತು. ಅವಳು ಎಲ್ಲರನ್ನೂ ಬಿಟ್ಟು ಮೊದಲು ಹೆರ್ ಕ್ಲೋಟ್ಸ್ ಹತ್ತಿರ ಹೋಗಿ ಎರಡೂ ಕೈಯಲ್ಲಿ ಒಂದು ಎಲೆ ಚಾಚಿದಳು.

"ಬನ್ನಿ ತಗೋರಿ, ಬಂಗಾರಧಂಗ ಇರೂಣ್ರಿ" ಎಂದಳು.

ಅವರು ನನ್ನ ಕಡೆ ನೋಡಿದರು. ಬೆಳಗ್ಗೆಯಾಗಿದ್ದರೆ ನಾನು ಮರದ ಹಿಂದೆ ಅಡಗಿಕೊಳ್ಳುತ್ತಿದ್ದೆ. ಮುಂದೆ ಬಂದು, ಎಲ್ಲರಿಗೂ ಕೇಳುವ ಹಾಗೆ ಜರ್ಮನ್‌ನಲ್ಲಿ ಹೇಳಿದೆ, ಇದು ಬಂಗಾರ, ಇದನ್ನು ತೆಗೆದುಕೊಂಡರೆ ಜಗಳ ಗಿಗಳ ಎಲ್ಲ ಮರೆತು ಬಂಗಾರದ ಹಾಗೆ ಕೂಡಿ ಇರಬೇಕು, ಇದು ನಮ್ಮ ಮನೆಯ ಹಬ್ಬ ಎಂದು. ಹೆರ್ ಕ್ಲೋಟ್ಸ್ ಎಲೆಯನ್ನು ತಿರುವಿ ಮುರುವಿ ನೋಡಿದರು. ತಮ್ಮದೇ ಮೈದಾನದ ತಮ್ಮದೇ ಮರದ ಎಲೆ. ಅದನ್ನು ಟೊಪ್ಪಿಗೆಯ ಪಟ್ಟಿಗೆ ಸಿಕ್ಕಿಸಿಕೊಂಡರು.

"ಶನಿವಾರ ನಿಮ್ಮದು" ಎಂದರು. ಮರಗಳ ಕಡೆ ಕೈ ತೋರಿಸಿದರು. "ಆದರೆ ಈ ಬಂಗಾರ ಗುಡಿಸುವುದೂ ನಿಮ್ಮದು."

ಹುಲ್ಲಿನ ಮೇಲೆ ಬಿದ್ದಿದ್ದವರೆಲ್ಲ ಹೋ ಎಂದು ಎದ್ದರು. ಅಪ್ಪ ಟೆರಿಯನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು. ಅವ್ವ ಎಲೆ ಹಂಚುತ್ತ ಅಳುತ್ತ ನಗುತ್ತಿದ್ದಳು. ಆಗ ಗೇಟಿನ ಕಡೆಯಿಂದ, ಇಸ್ತ್ರಿ ಹಾಕಿದ ಕೋಟಿನಲ್ಲಿ, ಕೈಚೀಲ ತೂಗಾಡಿಸುತ್ತ ಫ್ರಾವ್ ರಾಪ್ ಬಂದರು. ಎಷ್ಟು ಹೊತ್ತಿನಿಂದ ನಿಂತು ಕೇಳಿಸಿಕೊಂಡಿದ್ದರೋ. ಯಾರ ಮುಖವನ್ನೂ ನೋಡದೆ ಸೀದಾ ಗೋಲ್ ಕಂಬದ ಹತ್ತಿರ ನಡೆದರು. ಚೀಲದಿಂದ ಕೇರ್‌ವೋಖೆಯ ಫಲಕ ತೆಗೆದು, ಅದರ ದಾರವನ್ನು ಕಂಬದ ಕೊಕ್ಕೆಗೆ ಸಿಕ್ಕಿಸಿ, ಅದೇ ನ್ಯಾಯಾಧೀಶರ ಗಾಂಭೀರ್ಯದಲ್ಲಿ ನೆಟ್ಟಗಿದೆಯೇ ಎಂದು ನೋಡಿದರು. ಆಮೇಲೆ ಅವ್ವನ ಮುಂದೆ ಬಂದು ಕೈ ಚಾಚಿದರು, ತಮ್ಮ ಎಲೆಗೆ.